ಲೋಹ ಹುಡುಕುವ ಯಂತ್ರದ ಮುರಿದ ಕಿವಿಗಳು

ಜಮಖಂಡಿಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಈ ಒಂದು ಕಾರಣಕ್ಕೆ ನಮ್ಮ ಬಳಗದವರೆಲ್ಲ ನಾನು ಯಾವ ಯಂತ್ರವನ್ನಾದರೂ ರಿಪೇರಿ ಮಾಡಬಲ್ಲೆ ಎಂದು ನಂಬಿದ್ದರು. ಅವರ ನಂಬಿಕೆಯನ್ನು ತಿದ್ದಲು ನಾನು ಎಂದೂ ಹೋಗಲಿಲ್ಲ. ಯಾರದಾದರೂ ಮನೆಯಲ್ಲಿ ಫ್ಯಾನು ಕರಕರ ಎಂದರೆ ಅದರ ಕೆಳಗೆ ನಿಂತು, ಕನ್ನಡಕ ಹಣೆಗೇರಿಸಿ, "ಬೇರಿಂಗ್ ಹೋಗೈತಿ" ಎನ್ನುತ್ತಿದ್ದೆ. ಆಮೇಲೆ ಅವರು ಎಲೆಕ್ಟ್ರಿಶಿಯನ್ನನ್ನು ಕರೆಸುತ್ತಿದ್ದರು. ಅವನು ಮಾಡಿದ ಕೆಲಸದ ಕೀರ್ತಿಯಲ್ಲಿ ಅರ್ಧ ನನಗೆ ಬರುತ್ತಿತ್ತು. ನಿಜ ಗೊತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ನಮ್ಮ ಮನೆಯ ಮಿಕ್ಸರನ್ನು ನಾನು ಬಿಚ್ಚಿದ ಮೇಲೆ ಅವಳು ಎರಡು ತಿಂಗಳು ಒರಳಿನಲ್ಲಿ ಚಟ್ನಿ ಅರೆದಿದ್ದಳು.

ಎರಡು ವರ್ಷದ ಹಿಂದೆ, ಕಬ್ಬಿನ ಕಟಾವು ಮುಗಿಯುತ್ತಿದ್ದ ಹೊತ್ತಿಗೆ, ನನ್ನ ಅಕ್ಕ ಫೋನು ಮಾಡಿದಳು. ಬೀಳಗಿ ತಾಲ್ಲೂಕಿನಲ್ಲಿ, ಬಾಡಗಂಡಿಯ ಹತ್ತಿರ ಅವಳ ಹೊಲ.

"ತಮ್ಮಾ, ಆ ಹಳೇ ಬೋರು ಎಲ್ಲೈತಿ ಅಂತ ಬಂದು ತೋರಸು."

ಆ ಬೋರಿನ ಕಥೆ ಇಷ್ಟು. ಬಹಳ ಹಿಂದೆ ಅಕ್ಕನ ಹೊಲದಲ್ಲಿ ಒಂದು ಬೋರು ಹೊಡೆಸಿದ್ದರು. ಎರಡು ಬೇಸಿಗೆ ನೀರು ಕೊಟ್ಟು ಅದು ಬತ್ತಿಹೋಯಿತು. ಕಾಲುವೆ ನೀರು ಬಂದ ಮೇಲೆ ಅದರ ಗೊಡವೆಯೇ ಬೇಡವೆಂದು ಮುಚ್ಚಿಬಿಡಲು ತೀರ್ಮಾನಿಸಿದರು. ಓದಿದ ತಮ್ಮ ಎಂದು ಆ ಕೆಲಸದ ಉಸ್ತುವಾರಿ ನನಗೆ ಬಂತು. ಪೂರ್ತಿ ಕಲ್ಲುಮಣ್ಣು ತುಂಬಿಸೋಣ ಎಂದು ಅಕ್ಕನ ಗಂಡ ಹೇಳಿದ್ದರು. ನಾನೇ, "ಅಷ್ಟೆಲ್ಲಾ ಯಾಕ ಮಾವಾ" ಎಂದು, ನೇಗಿಲಿಗೆ ತಾಗದಂತೆ ಕಬ್ಬಿಣದ ಪೈಪನ್ನು ನೆಲದ ಕೆಳಗೆ ಕತ್ತರಿಸಿ, ಬಾಯಿಗೊಂದು ಕಬ್ಬಿಣದ ತಗಡು ಹೊದಿಸಿ, ಮೇಲೆ ಮಣ್ಣು ಎಳೆಸಿದೆ. ಮುಂದೆ ಬೇಕಾದರೆ ಸಿಗಲಿ ಎಂದು ಒಂದು ನಕ್ಷೆಯನ್ನೂ ಬರೆದುಕೊಟ್ಟೆ. ಉತ್ತರ ದಿಕ್ಕಿಗೆ ಬಾಣದ ಗುರುತು ಹಾಕಿ, ಕೆಳಗೆ ಸಹಿ ಮಾಡಿದ್ದೆ.

"ನಕ್ಷೆ ಐತೆಲ್ಲ ಅಕ್ಕಾ?" ಎಂದೆ.

"ನಿನ್ನ ನಕ್ಷೆ ಹಿಡಕೊಂಡು ನಾಕ ದಿನಾ ತಿರಗೇವಿ. ಬೇವಿನ ಗಿಡದಿಂದ ಮೂವತ್ತ ಹೆಜ್ಜಿ ಅಂತ ಬರದೀ. ಆ ಗಿಡಾ ಕಡದು ಎಂಟ ವರ್ಷ ಆತು. ಬೊಡ್ಡಿನೂ ಕಿತ್ತೇವಿ. ಇನ್ನ ಹೆಜ್ಜಿ ಅಂದ್ರ ಯಾರ ಹೆಜ್ಜಿ? ನಂದೋ, ನಿಮ್ಮ ಮಾವಂದೋ?"

ನನ್ನ ಹೆಜ್ಜೆಯೇ. ಆದರೆ ಆಗ ನಾನು ತೆಳ್ಳಗಿದ್ದೆ, ಮಂಡಿಯೂ ಗಟ್ಟಿಯಿತ್ತು.

ಅಕ್ಕನ ಆತುರಕ್ಕೆ ಕಾರಣವಿತ್ತು. ಆ ತಗಡು ಇಷ್ಟು ವರ್ಷ ಮಣ್ಣಿನಲ್ಲಿ ಹೇಗಿದೆಯೋ ಯಾರಿಗೂ ಗೊತ್ತಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರು ಅದೇ ಹೊಲದ ಬದಿಗೆ ಗುಡಿಸಲು ಹಾಕುತ್ತಾರೆ. "ಅವರ ಕೂಸುಗಳು ಹೊಲದ ತುಂಬ ಓಡ್ಯಾಡತಾವು. ಟಿ.ವಿ. ಒಳಗ ಬೋರಿನ್ಯಾಗ ಕೂಸು ಬಿತ್ತು ಅಂತ ಬಂದಾಗೊಮ್ಮೆ ನನ್ನ ಎದಿ ಧಸಕ್ಕಂತೈತಿ. ಹುಡುಕಿ ಪೂರಾ ತುಂಬಿಸಿಬಿಡೂಣು" ಎಂದಳು.

ಆಗಲೇ ನನಗೆ ಕಾಕಾನ ಯಂತ್ರ ನೆನಪಾದದ್ದು. ನನ್ನ ಕಾಕಾ ಮುಂಬೈಯ ಬಂದರಿನಲ್ಲಿ ದುಡಿಯುತ್ತಿದ್ದವರು. ಅಲ್ಲಿನ ಹಳೇ ಸಾಮಾನಿನ ಬಜಾರಿನಿಂದ ಲೋಹ ಹುಡುಕುವ ಯಂತ್ರವೊಂದನ್ನು ತಂದಿದ್ದರು. ಅವರು ತೀರಿಕೊಂಡಾಗ ಅವರ ಮಕ್ಕಳು ಮನೆ, ಹೊಲ, ಕಪಾಟು ಹಂಚಿಕೊಂಡರು. ಯಾರಿಗೂ ಬೇಡವಾದ ಯಂತ್ರ, ಕಲಿತವನು ಎಂಬ ಗೌರವದಿಂದ, ನನಗೆ ಬಂತು. ಅಂದಿನಿಂದ ಅದು ನಮ್ಮ ಅಟ್ಟದ ಮೇಲೆ ಹಳೆಯ ಚಾದರದಲ್ಲಿ ಸುತ್ತಿಕೊಂಡು ಮಲಗಿತ್ತು.

"ಚಿಂತಿ ಮಾಡಬ್ಯಾಡ ಅಕ್ಕಾ. ಹತ್ತ ನಿಮಿಷದ ಕೆಲಸ" ಎಂದೆ.

ಯಂತ್ರವನ್ನು ಇಳಿಸಿ ಹೊಸ ಸೆಲ್ಲು ಹಾಕಿದೆ. ಉದ್ದನೆಯ ಒಂದು ಕೋಲು, ಅದರ ಮೇಲ್ತುದಿಗೆ ಗುಂಡಿಗಳಿರುವ ಡಬ್ಬಿ, ಕೆಳತುದಿಗೆ ಊಟದ ತಾಟಿನಷ್ಟು ಅಗಲದ ಪ್ಲಾಸ್ಟಿಕ್ ಬಳೆ. ಆ ಬಳೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಬಳೆಯ ನಡುವೆ ಅಡ್ಡಲಾಗಿ ಒಂದು ಪಟ್ಟಿ, ಪಟ್ಟಿಯ ಮೇಲೆ ಎರಡು ಪ್ಲಾಸ್ಟಿಕ್ ಕಿವಿಗಳು. ಆ ಕಿವಿಗಳ ನಡುವೆ ಕೋಲಿನ ತುದಿಯನ್ನು ಇಟ್ಟು ಪ್ಲಾಸ್ಟಿಕ್ ಬೋಲ್ಟು ಬಿಗಿದಿದ್ದರು. ಚಾಲೂ ಮಾಡಿದ ಕೂಡಲೇ ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ಹೆಂಡತಿಯ ಸ್ಟೀಲ್ ಡಬ್ಬಿಗಳ ಮುಂದೆ ಕುಂಯ್ ಎಂದಿತು, ಜೋಳದ ಚೀಲದ ಮುಂದೆ ಸುಮ್ಮನಾಯಿತು. ಅಷ್ಟಕ್ಕೆ ಬಿಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಳೆ ತುಸು ಅಲುಗಾಡುತ್ತಿತ್ತು. ಬೋಲ್ಟಿಗೆ ಇನ್ನೊಂದು ಸುತ್ತು ಕೊಡೋಣ ಎನಿಸಿತು. ಕೊಟ್ಟೆ. ಮತ್ತೊಂದು ಎನಿಸಿತು. ಟಪ್ ಎಂದು ಎರಡೂ ಕಿವಿ ಮುರಿದು ಕೈಗೆ ಬಂದವು. ನಮ್ಮ ಜಮಖಂಡಿಯ ಬಿಸಿಲಿಗೆ ಅಟ್ಟದ ಮೇಲೆ ಒಣಗಿ ಒಣಗಿ ಪ್ಲಾಸ್ಟಿಕ್ ಹಪ್ಪಳದಂತಾಗಿತ್ತು.

"ಏನಾತ್ರಿ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಏನಿಲ್ಲ. ಸಣ್ಣ ಪಾರ್ಟು" ಎಂದೆ.

ಮೊದಲ ದಿನ ಅಂಟು ತಂದೆ, ಹನಿ ಹಾಕಿದರೆ ಕ್ಷಣದಲ್ಲಿ ಹಿಡಿಯುವಂಥದ್ದು. ಅದು ಮಾತಿಗೆ ತಪ್ಪಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಯಂತ್ರದ ಬಳೆಗೆ ಭದ್ರವಾಗಿ ಕೂತವು, ಕಿವಿಗಳು ಮಾತ್ರ ಕೂರಲಿಲ್ಲ. ಹೆಂಡತಿ ಬಿಸಿನೀರು, ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿದಳು. ಅಷ್ಟು ಹೊತ್ತೂ ಅವಳ ಕಣ್ಣು ಮೂಲೆಯ ಒರಳಿನ ಮೇಲಿತ್ತು. ಬೈದಿದ್ದರೆ ಸುಖವಿರುತ್ತಿತ್ತು.

ಎರಡನೆಯ ಸಲ, ಮುಧೋಳದಲ್ಲಿ ಮೋಟರ್‌ಸೈಕಲ್ಲಿನ ಒಡೆದ ಪ್ಲಾಸ್ಟಿಕ್ಕನ್ನು ಕಾಸಿ ಬೆಸೆಯುವವನೊಬ್ಬ ಇದ್ದಾನೆಂದು ಕೇಳಿ ಅಲ್ಲಿಗೆ ಒಯ್ದೆ. ಅವನು ತುಂಡನ್ನು ಉಗುರಿನಿಂದ ಕೆರೆದು ನೋಡಿ, "ಇದು ಸತ್ತೈತ್ರಿ ಸರ, ಕಾಸಿದ್ರ ಹಿಡಿಯಂಗಿಲ್ಲ" ಎಂದು ಮರಳಿ ಕೊಟ್ಟ. ಅವನಿಗೆ ಪಾಲಿಮರುಗಳ ಬಗ್ಗೆ ಏನು ಗೊತ್ತು ಎಂದು ನಾನು ಮನೆಗೆ ಬಂದು ಬೆಸುಗೆಯ ಕಡ್ಡಿ ಕಾಯಿಸಿದೆ. ಪ್ಲಾಸ್ಟಿಕ್ ಕರಗಲಿಲ್ಲ, ಕಪ್ಪಗಾಗಿ ಉದುರಿತು. ಕಡ್ಡಿ ಇಟ್ಟ ಜಾಗದಲ್ಲಿ ಟೀಪಾಯಿಯ ಮೇಲೆ ಮೂಡಿದ ಕಲೆಯನ್ನು ಈಗ ಒಂದು ಕ್ರೋಶಾ ಹೊದಿಕೆ ಮುಚ್ಚಿಕೊಂಡಿದೆ.

ಮೂರನೆಯ ಉಪಾಯ ನನ್ನ ಜೀವನದ ಶ್ರೇಷ್ಠ ರಿಪೇರಿ ಎಂದುಕೊಂಡಿದ್ದೆ. ಹಳೆಯ ಟ್ರಂಕಿನಿಂದ ಒಂದು ಕಬ್ಬಿಣದ ಪಟ್ಟಿ ಕಿತ್ತು, U ಆಕಾರಕ್ಕೆ ಬಗ್ಗಿಸಿ, ಬಳೆಯ ಅಡ್ಡಪಟ್ಟಿಯ ಸುತ್ತ ಹಾಕಿ, ಎರಡು ಕಬ್ಬಿಣದ ಬೋಲ್ಟು ಬಿಗಿದೆ. ಮೇಲೆ ನಲ್ಲಿ ಸೋರಿಕೆಗೆ ಹಚ್ಚುವ ಸೀಲು ಮೆತ್ತಿದೆ. ಹಿಡಿದು ಜಗ್ಗಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. "ಈಗ ಆನಿ ತುಳದ್ರೂ ಮುರಿಯಂಗಿಲ್ಲ" ಎಂದು ಹೆಂಡತಿಗೆ ತೋರಿಸಿದೆ. ಸೀಲು ಒಣಗಲಿ ಎಂದು ರಾತ್ರಿಯಿಡೀ ಬಿಟ್ಟು, ಬೆಳಗಿನ ಬಸ್ಸಿಗೆ ಬೀಳಗಿಯ ಕಡೆ ಹೊರಟೆ. ಗಡಿಬಿಡಿಯಲ್ಲಿ ಒಮ್ಮೆಯೂ ಅದನ್ನು ಚಾಲೂ ಮಾಡಿ ನೋಡಲಿಲ್ಲ. ಕಂಡಕ್ಟರು, "ಔಷಧ ಹೊಡಿಯೋ ಪಂಪೇನ್ರಿ?" ಎಂದು ಕೇಳಿದ. "ವೈಜ್ಞಾನಿಕ ಉಪಕರಣ" ಎಂದು ಗಂಭೀರವಾಗಿ ಹೇಳಿದೆ.

ಹೊಲದಲ್ಲಿ ಅಕ್ಕ, ಮಾವ, ಜೊತೆಗೆ ಸುದ್ದಿ ತಿಳಿದು ಬಂದಿದ್ದ ಆಚೀಚೆ ಹೊಲದ ನಾಲ್ಕೈದು ಜನ ಕಾದಿದ್ದರು. ಕಬ್ಬು ಕಡಿದ ನೆಲದ ತುಂಬ ಒಣಗರಿಯ ರವದಿ ಹಾಸಿತ್ತು. ಮಾವನ ಮುಧೋಳ ನಾಯಿ ಬದುವಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಸುರುಳಿ, ಕಾಂತಕ್ಷೇತ್ರ, ಪ್ರೇರಿತ ವಿದ್ಯುತ್ ಎಂದು ಎಲ್ಲರಿಗೂ ಸಣ್ಣದೊಂದು ಪಾಠ ಮಾಡಿ ಗುಂಡಿ ಒತ್ತಿದೆ.

ಕುಂಯ್ಯ್ ಎಂದಿತು.

"ನೋಡ್ರಿ! ಇಲ್ಲೇ ಐತಿ" ಎಂದೆ.

ನಿಂತ ಜಾಗದಲ್ಲೇ ಸಿಕ್ಕಿತೆಂದು ಎಲ್ಲರಿಗೂ ಆಶ್ಚರ್ಯವಾಯಿತು. ಇಬ್ಬರು ಸಲಿಕೆ ಹಿಡಿದು ಮೊಳಕಾಲುದ್ದ ಅಗೆದರು. ಏನೂ ಇಲ್ಲ. ನಾಲ್ಕು ಮಾರು ಮುಂದೆ ಹೋದೆ. ಅಲ್ಲೂ ಕುಂಯ್ಯ್. ಅಗೆದರು. ಒಂದು ಕಲ್ಲು ಸಿಕ್ಕಿತು. ಬದುವಿನ ಹತ್ತಿರ ಹೋದೆ, ಅಲ್ಲೂ ಅದೇ ರಾಗ. ಗುಂಡಿ ತಿರುಗಿಸಿದೆ, ಇನ್ನೊಂದು ಗುಂಡಿ ತಿರುಗಿಸಿದೆ. ಅದು ಬಾಯಿ ಮುಚ್ಚಲಿಲ್ಲ. ನಾಯಿ ಎದ್ದು ಮುಖ ಮೇಲೆತ್ತಿ ಅದರ ಜೊತೆ ತಾನೂ ಊಳಿಟ್ಟಿತು.

"ಈ ಹೊಲದ ಮಣ್ಣಾಗ ಕಬ್ಬಿಣದ ಅಂಶ ಬಾಳ ಐತಿ ಅನಸ್ತೈತಿ" ಎಂದೆ. ಮೂರನೆಯ ಗುಂಡಿ ಅಗೆಯುತ್ತಿದ್ದವರು ಸಲಿಕೆ ಊರಿ ನಿಂತರು.

ಅಕ್ಕ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವಳು ಹತ್ತಿರ ಬಂದು, ನನ್ನ ಕೈಯಿಂದ ಕೋಲು ತೆಗೆದುಕೊಂಡು, ಬಳೆಯನ್ನು ಆಕಾಶದ ಕಡೆ ಎತ್ತಿ ಹಿಡಿದಳು. ಕುಂಯ್ಯ್ ಎನ್ನುತ್ತಲೇ ಇತ್ತು.

"ಮ್ಯಾಲೂ ಬೋರು ಹೊಡಿಸೇವೇನು?" ಎಂದಳು. ಆಮೇಲೆ ಬಳೆಯನ್ನು ಕೆಳಗಿಳಿಸಿ, ನಾನು ಮೆತ್ತಿದ ಸೀಲನ್ನು ಬೆರಳಿನಿಂದ ಮುಟ್ಟಿ, "ಇದರೊಳಗ ಹಾಕೀಯಲ್ಲ, ಆ ಪಟ್ಟಿ ಯಾತರದು?" ಎಂದು ಕೇಳಿದಳು.

"ಕಬ್ಬಿಣದ್ದು" ಎಂದೆ.

ಹೇಳುವಾಗಲೇ ನನಗೆ ಗೊತ್ತಾಯಿತು. ಯಂತ್ರ ಬೆಳಗಿನಿಂದ ಪ್ರಾಮಾಣಿಕವಾಗಿ ತನ್ನ ಕೆಲಸ ಮಾಡುತ್ತಿತ್ತು. ಲೋಹವಿದೆ, ಲೋಹವಿದೆ, ನನ್ನ ಕೊರಳಿಗೇ ಕಟ್ಟಿದ್ದಾರೆ ಎಂದು ಕೂಗುತ್ತಿತ್ತು. ಮೂವತ್ತೊಂದು ವರ್ಷ ಅದೇ ಪಾಠವನ್ನು ಕಪ್ಪು ಹಲಗೆಯ ಮೇಲೆ ಬರೆದವನಿಗೆ ಅದು ಕೇಳಿಸಿರಲಿಲ್ಲ. ಯಾರೂ ಜೋರಾಗಿ ನಗಲಿಲ್ಲ. ಮಾವ ಬೇರೆ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಮನೆಗೆ ಬಂದು ಹೆಂಡತಿಗೆ ಹೇಳಲೇಬೇಕಾಯಿತು, ಏಕೆಂದರೆ ಅಕ್ಕ ಅಷ್ಟರಲ್ಲಿ ಫೋನು ಮಾಡಿ ಹೇಳಿಯಾಗಿತ್ತು. ಹೆಂಡತಿ ನಕ್ಕು ಮುಗಿಸಿದ ಮೇಲೆ ಒಂದು ಉಪಯೋಗದ ಮಾತು ಹೇಳಿದಳು. ರಬಕವಿಯಲ್ಲಿ ಅವಳು ಸೀರೆ ತರುವ ಅಂಗಡಿಯವರು, ಬನಹಟ್ಟಿಯಲ್ಲಿ ಪವರ್‌ಲೂಮಿನ ಪ್ಲಾಸ್ಟಿಕ್ ಭಾಗಗಳನ್ನು ಕೊರೆದು ಮಾಡುವ ಹೆಣ್ಣುಮಗಳೊಬ್ಬಳ ಬಗ್ಗೆ ಹೇಳಿದ್ದರಂತೆ. "ಮಗ್ಗದಾಗ ಏನ ಮುರದ್ರೂ ಆಕೀ ಕಡೆ ಹೋಗ್ತಾರಂತ. ನೀವೂ ಹೋಗ್ರಿ. ಹೋಗಿ, ಬಾಯಿ ಮುಚಗೊಂಡು ಕುಂಡ್ರಿ."

ಹೋದೆ. ಬನಹಟ್ಟಿಯ ಆ ಓಣಿಯಲ್ಲಿ ಎರಡೂ ಕಡೆ ಮಗ್ಗಗಳ ಖಟಖಟ. ಕಿವಿಯ ಹತ್ತಿರ ಬಾಯಿಟ್ಟು ಮಾತಾಡಬೇಕು. ಸಣ್ಣ ಶೆಡ್ಡಿನಲ್ಲಿ ಒಂದು ಲೇಥ್ ಯಂತ್ರ, ಗೋಡೆಗೆ ಬಿಳಿ ನೈಲಾನಿನ ಸರಳುಗಳು, ಹಲಗೆಗಳು. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕನ್ನಡಕ ತೆಗೆದು ನನ್ನನ್ನು ನೋಡಿ ಎದ್ದು ನಿಂತಳು.

"ಸರ್, ನೀವಾ? ಬರ್ರಿ ಬರ್ರಿ. ನಾ ನಿಮ್ಮ ವಿದ್ಯಾರ್ಥಿನಿ ರೀ, ಪಿಯುಸಿಗೆ."

ಹಳೆಯ ವಿದ್ಯಾರ್ಥಿಗಳು ಸಿಕ್ಕರೆ ನನಗೆ ಖುಷಿಯಾಗುತ್ತದೆ. ಅವತ್ತು ಆಗಲಿಲ್ಲ. ಯಂತ್ರ ಅವಳ ಮೇಜಿನ ಮೇಲಿತ್ತು. ಅವಳು ಸೀಲನ್ನು ಸ್ವಲ್ಪ ಕೆತ್ತಿದಳು, ಕಬ್ಬಿಣದ ಪಟ್ಟಿ ಕಂಡಿತು. ನನ್ನ ಮುಖ ನೋಡಿದಳು, ಮತ್ತೆ ಪಟ್ಟಿ ನೋಡಿದಳು.

"ಸರ್, ಇದು ಲೋಹ ಹುಡುಕೋ ಯಂತ್ರ ಅಲ್ಲೇನ್ರಿ?"

"ಹೌದವ್ವಾ."

"ಹಂ" ಎಂದಳು. ಗುರುಗಳ ಮೇಲಿನ ಗೌರವ ಎಷ್ಟೆಲ್ಲ ಮಾತನ್ನು ನುಂಗಿಕೊಳ್ಳುತ್ತದೆ ಎಂದು ನಾನು ಆಗ ಕಂಡೆ.

ಮುರಿದ ಕಿವಿಗಳನ್ನು ಅಂಟಿಸುವ ಗೋಜಿಗೇ ಅವಳು ಹೋಗಲಿಲ್ಲ. ನನ್ನ ಕಬ್ಬಿಣದ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟು, ಕಿವಿಗಳ ಬೊಡ್ಡೆಗಳನ್ನು ಅರದಿಂದ ತಿಕ್ಕಿ ಸಮ ಮಾಡಿದಳು. ನೈಲಾನಿನ ಹಲಗೆಯಿಂದ ಅಂಗೈಯಷ್ಟು ಎರಡು ತುಂಡು ಕೊಯ್ದಳು. ಒಂದು ಅಡ್ಡಪಟ್ಟಿಯ ಮೇಲೆ, ಒಂದು ಕೆಳಗೆ, ನಡುವೆ ಪಟ್ಟಿ ಸರಿಯಾಗಿ ಕೂರುವಂತೆ ತಗ್ಗು ಕೊರೆದಳು. ಮೇಲಿನ ತುಂಡಿಗೇ ಎರಡು ಹೊಸ ಕಿವಿ ಬಿಟ್ಟಿದ್ದಳು. ಸುರುಳಿ ಇರುವ ಬಳೆಗೆ ಒಂದೂ ತೂತು ಹೊಡೆಯಲಿಲ್ಲ. ನಾಲ್ಕು ಮೂಲೆಗೆ ನೈಲಾನಿನ ಬೋಲ್ಟು ಹಾಕಿ ಎರಡೂ ತುಂಡುಗಳನ್ನು ಕೂಡಿಸತೊಡಗಿದಳು. ಬಾಯಿ ಮುಚ್ಚಿಕೊಂಡು ಕೂರುವುದೆಂದು ನಿಶ್ಚಯಿಸಿಕೊಂಡು ಬಂದಿದ್ದೆ. ಆದರೂ ತಡೆಯಲಾಗಲಿಲ್ಲ.

"ಇನ್ನೊಂದು ಸುತ್ತು ಬಿಗಿ ಮಾಡವ್ವಾ" ಎಂದೆ.

"ಸಾಕ್ರಿ ಸರ್. ಪ್ಲಾಸ್ಟಿಕ್ಕಿಗೆ ಬಿಗಿಬಾರ್ದ್ರಿ, ಕುಂಡ್ರಸಬೇಕು."

ಅವಳ ಕೈ ನೋಡುತ್ತ ಕೂತಿದ್ದೆ. ಒಂದೊಂದು ಬೋಲ್ಟಿಗೂ ಬೆರಳ ತುದಿಯಿಂದ ಅಷ್ಟಷ್ಟೇ ತಿರುವು ಕೊಡುತ್ತಿದ್ದಳು. ಆ ಬೆರಳುಗಳಿಂದಲೇ ನನಗೆ ಅವಳ ನೆನಪು ಬಂತು.

ಪ್ರಯೋಗಾಲಯದಲ್ಲಿ ಒಂದು ದಿನ ಅವಳ ಮುಂದಿದ್ದ ತಂತಿಯ ಸುರುಳಿ ಹೊಗೆಯಾಡಿ ಸುಟ್ಟುಹೋಗಿತ್ತು. ಇಡೀ ತರಗತಿಯ ಮುಂದೆ, "ಕೈಯಾಗ ಎಚ್ಚರಿಲ್ಲದಾಕಿ ಸೈನ್ಸಿಗೆ ಯಾಕ ಬಂದಿ?" ಎಂದು ಕೂಗಿ, ಮೂರು ವಾರದ ಪ್ರಯೋಗಗಳಿಗೆ ಅವಳನ್ನು ಹೊರಗೆ ನಿಲ್ಲಿಸಿದ್ದೆ. ಅವತ್ತು ಸಂಜೆ ಬೀಗ ಹಾಕುವ ಮೊದಲು ನೋಡಿದರೆ, ವಿದ್ಯುತ್ತಿನ ಪೆಟ್ಟಿಗೆಯ ಗುಂಡಿ ತುಟ್ಟತುದಿಯಲ್ಲಿತ್ತು. ಹಿಂದಿನ ತರಗತಿಗೆ ಅದನ್ನು ಅಲ್ಲಿಟ್ಟವನು ನಾನು. ಇಳಿಸಲು ಮರೆತವನೂ ನಾನೇ. ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಬೀಗ ಹಾಕಿ ಮನೆಗೆ ಹೋಗಿದ್ದೆ. ಮರುದಿನವೂ ಹೇಳಲಿಲ್ಲ, ಆ ವರ್ಷವೂ ಹೇಳಲಿಲ್ಲ. ಆಮೇಲೆ ಮರೆತೇ ಬಿಟ್ಟಿದ್ದೆ. ಮರೆಯುವುದು ನನಗೆ ಅಷ್ಟು ಸಲೀಸಾಗಿತ್ತು.

ಮಗ್ಗಗಳ ಸದ್ದಿನಲ್ಲಿ ಮೆಲ್ಲಗೆ ಹೇಳುವ ಅನುಕೂಲವೂ ಇರಲಿಲ್ಲ. ಕೂಗಿಯೇ ಹೇಳಬೇಕಾಯಿತು. "ಅವತ್ತು ಪ್ರಾಕ್ಟಿಕಲ್‌ನ್ಯಾಗ ಕಾಯಿಲ್ ಸುಟ್ಟಾಕಿ ನೀ ಅಲ್ಲವ್ವಾ. ನಾ ಸುಟ್ಟಿದ್ದು. ಗುಂಡಿ ಇಳಸಲಾರದ ಬಿಟ್ಟಿದ್ದೆ."

ಅವಳು ಕೆಲಸ ನಿಲ್ಲಿಸಲಿಲ್ಲ. ಕೊನೆಯ ಬೋಲ್ಟಿಗೆ ತಿರುವು ಕೊಟ್ಟು, "ಗೊತ್ತಿತ್ರಿ ಸರ್. ನಾ ಗುಂಡಿ ನೋಡಿದ್ದೆ" ಎಂದಳು.

"ಮತ್ತ ಅವಾಗ ಹೇಳಲಿಲ್ಲ?"

"ಯಾರಿಗ್ರೀ? ನಿಮಗಾ?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು. ಬಳೆಯನ್ನು ಕೋಲಿಗೆ ಕೂಡಿಸುತ್ತ ಅವಳೇ ಹೇಳಿದಳು, "ಭಾಳ ದಿನಾ ಬ್ಯಾಸರಿತ್ತು ಖರೆ. ಮನ್ಯಾಗ ಅಪ್ಪಗ ಹೇಳಿದ್ದೆ. ಅಪ್ಪ ಈ ಲೇಥಿನ ಮುಂದ ನಿಂದ್ರಿಸಿ, ಏನ ಸುಡತಿ ಸುಡು, ನೋಡೂಣು ಅಂದ್ರು. ಅವತ್ತಿನಿಂದ ನಿಂತೇನ್ರಿ." ನಂತರ ಯಂತ್ರವನ್ನು ನನ್ನ ಕೈಗೆ ಕೊಟ್ಟು, "ಇಲ್ಲೇ ಒಮ್ಮೆ ಚಾಲೂ ಮಾಡಿ ನೋಡ್ರಿ ಸರ್" ಎಂದಳು. ಆ ಮಾತನ್ನು ಅವಳು ಬೇಕೆಂದೇ ಹೇಳಿದಳೋ ಹಾಗೇ ಹೇಳಿದಳೋ ನನಗೆ ಇವತ್ತಿಗೂ ತಿಳಿದಿಲ್ಲ. ಚಾಲೂ ಮಾಡಿದೆ. ಸುಮ್ಮನಿತ್ತು. ಲೇಥಿನ ಹತ್ತಿರ ಒಯ್ದರೆ ಕೂಗಿತು, ದೂರ ತಂದರೆ ಬಾಯಿ ಮುಚ್ಚಿತು.

ಎರಡು ದಿನ ಬಿಟ್ಟು ಮತ್ತೆ ಅಕ್ಕನ ಹೊಲಕ್ಕೆ ಹೋದೆ. ಈ ಸಲ ಪಾಠ ಮಾಡಲಿಲ್ಲ. ಯಂತ್ರವನ್ನು ಅಕ್ಕನ ಕೈಗೇ ಕೊಟ್ಟೆ. ಅವಳು ಕಸ ಗುಡಿಸುವವಳಂತೆ ಎಡಕ್ಕೆ ಬಲಕ್ಕೆ ಆಡಿಸುತ್ತ, ಒಂದು ಪಟ್ಟೆ ಮುಗಿದ ಮೇಲೆ ಪಕ್ಕದ ಪಟ್ಟೆ ಹಿಡಿದು ನಡೆದಳು. ಮೊದಲು ಒಂದು ಮುರಿದ ಕುಡುಗೋಲು ಸಿಕ್ಕಿತು, ಆಮೇಲೆ ಎಂದೋ ಕಳೆದಿದ್ದ ಟ್ರ್ಯಾಕ್ಟರಿನ ಒಂದು ಪಿನ್ನು. ಮಾವ ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಬೋರು ಮಾತ್ರ ಇಲ್ಲ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹೊಲವೆಲ್ಲ ಮುಗಿದು, ಹೋದ ಸಲ ನಾನು ಅಗೆಸಿದ ಎರಡನೆಯ ಗುಂಡಿಯ ಮಣ್ಣಿನ ದಿಬ್ಬವೊಂದೇ ಉಳಿಯಿತು.

"ಅಲ್ಲಿ ಬ್ಯಾಡ. ಅಲ್ಲಿ ಮೊದ್ಲ ನೋಡೇವಲ್ಲ" ಎಂದೆ.

ಅಕ್ಕ ಕೇಳಲಿಲ್ಲ. ದಿಬ್ಬದ ಅಂಚಿಗೆ ಬಳೆ ತಾಗಿಸಿದಳು. ಯಂತ್ರ ಕೂಗಿತು. ಬೋರಿನ ಪಕ್ಕದಲ್ಲೇ ಗುಂಡಿ ತೋಡಿಸಿ, ಮಣ್ಣನ್ನು ಬೋರಿನ ಮೇಲೆಯೇ ಹೇರಿಸಿದ್ದೆ. ಬೆಳಗಿನಿಂದ ಆ ದಿಬ್ಬ ಬಿಟ್ಟು ನಡೆ ಎಂದು ಅಕ್ಕನಿಗೆ ಹೇಳುತ್ತ ಬಂದವನೂ ನಾನೇ.

ದಿಬ್ಬ ಸರಿಸಿ, ಎಚ್ಚರಿಕೆಯಿಂದ ಒಂದೂವರೆ ಅಡಿ ಅಗೆದರು. ತಗಡು ಕಂಡಿತು. ಮಾವ ಸಲಿಕೆಯ ಹಿಡಿಕೆಯಿಂದ ಅದನ್ನು ಮೆಲ್ಲಗೆ ಕುಟ್ಟಿದರು. ಹಿಡಿಕೆ ಒಳಗೇ ಹೋಯಿತು. ತಗಡೆಂಬುದು ಬರೀ ತುಕ್ಕಿನ ಬಣ್ಣವಾಗಿ ಉಳಿದಿತ್ತು. ಕಬ್ಬಿನ ಬೇರು ಹೆಣೆದುಕೊಂಡು ಮಣ್ಣನ್ನು ಹಿಡಿದಿತ್ತು ಅಷ್ಟೇ. ಮಾವ ಒಂದು ಕಲ್ಲು ಬಿಟ್ಟರು. ಅದು ಪೈಪಿಗೆ ಬಡಿಯುತ್ತ, ಬಡಿಯುತ್ತ ಇಳಿಯಿತು. ಬಹಳ ಹೊತ್ತು ಇಳಿಯಿತು. ನಾನು ಗ್ಯಾಂಗಿನವರ ಗುಡಿಸಲುಗಳ ಕಡೆ ನೋಡಿದೆ. "ಅಷ್ಟೆಲ್ಲಾ ಯಾಕ ಮಾವಾ" ಎಂದು ಹೇಳಿ ತಗಡು ಹೊದಿಸಿದವನು ನಾನೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟು, "ಸಿಕ್ತಲ್ಲ, ಬಿಡು" ಎಂದಳು.

ಮಧ್ಯಾಹ್ನವೆಲ್ಲ ಕಲ್ಲು, ಜಲ್ಲಿ, ಮಣ್ಣು ತುಂಬಿದೆವು. ಗ್ಯಾಂಗಿನ ಹೆಂಗಸರೂ ಬಂದು ಬುಟ್ಟಿ ಹೊತ್ತರು. ನಾನೂ ಹೊತ್ತೆ. ನಾಲ್ಕು ಬುಟ್ಟಿಯಾದ ಮೇಲೆ ಸೊಂಟ ಹಿಡಿಯಿತು. ಅಕ್ಕ ರೊಟ್ಟಿ ಬಿಚ್ಚಿ ಕರೆದಾಗ, ಊಟಕ್ಕೆ ಕೂರುವ ಮೊದಲು ಬನಹಟ್ಟಿಗೆ ಫೋನು ಮಾಡಿದೆ. ಆ ಕಡೆ ಮಗ್ಗಗಳ ಸದ್ದು.

"ಸಿಕ್ಕಿತವ್ವಾ!" ಎಂದು ಹೊಲದ ನಡುವೆ ನಿಂತು ಕೂಗಿದೆ.

"ಏನ್ರಿ ಸರ್? ಕೇಳಸವಲ್ದು. ಮತ್ತ ಮುರೀತೇನ್ರಿ?"

"ಇಲ್ಲ ಇಲ್ಲ! ಬೋರು ಸಿಕ್ಕಿತು! ತುಂಬಾಕತ್ತೇವಿ!"

"ಹಾಂ, ಛಲೋ ಆತ್ರಿ" ಎಂದಳು. "ಬೋಲ್ಟು ಮಾತ್ರ ಮುಟ್ಟಬ್ಯಾಡ್ರಿ ಸರ್."

ಇಲ್ಲ ಎಂದು ಮಾತು ಕೊಟ್ಟು ಫೋನಿಟ್ಟು, ಕೈ ತೊಳೆದು ರೊಟ್ಟಿಗೆ ಕೂತೆ.